ಹಿಂದಿನ ಸಾಲಿನ ಚೆಂಡುಗಳು



ಈ ಸಲದ ಉಪದೇಶಕ್ಕೆ ನಾನು ಎತ್ತಿಕೊಂಡಿರುವುದು ಒಂದು ಟಿವಿ ಆಟ. ಸಭೆಯ ಹಿರಿಯರು ಹುಬ್ಬೇರಿಸಬಹುದು, ಏರಿಸಲಿ. ಯಜಮಾನನ ಲೆಕ್ಕಪತ್ರ ತಿದ್ದಿದ ಮೋಸಗಾರ ಮನೆವಾರ್ತೆಯವನನ್ನು ಮುಂದಿಟ್ಟುಕೊಂಡೇ ಶಿಷ್ಯರಿಗೆ ಪಾಠ ಹೇಳಿದ ಕರ್ತನು ನಮ್ಮ ಕರ್ತನು. ಸಂತೆಯಲ್ಲಿ ನಡೆಯುವುದನ್ನು, ತೋಟದಲ್ಲಿ ನಡೆಯುವುದನ್ನು, ಸಾಲಗಾರರ ನಡುವೆ ನಡೆಯುವುದನ್ನು ಆತನು ಕಣ್ಣಿಟ್ಟು ನೋಡಿದನು. ಇಂದು ಆ ಸಂತೆ ನಮ್ಮ ಕೈಯ ಮೊಬೈಲಿಗೇ ಬಂದು ಕೂತಿರುವಾಗ ಅದನ್ನು ಕಣ್ಣಿಟ್ಟು ನೋಡುವುದು ತಪ್ಪಲ್ಲ.

ಆಟದ ಹೆಸರು ‘ಗೋಲ್ಡನ್ ಬಾಲ್ಸ್’, ಅಂದರೆ ಚಿನ್ನದ ಚೆಂಡುಗಳು. ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ 2007ರಿಂದ 2009ರವರೆಗೆ ಬಂತು. ಜ್ಯಾಸ್ಪರ್ ಕ್ಯಾರಟ್ ಎಂಬ ಹಾಸ್ಯಗಾರ ನಡೆಸಿಕೊಡುತ್ತಿದ್ದರು. ನಾಲ್ಕು ಜನ ಅಪರಿಚಿತರು ಬರುತ್ತಾರೆ. ಒಬ್ಬೊಬ್ಬರ ಮುಂದೆ ನಾಲ್ಕು ಚೆಂಡು. ಕೆಲವು ಚೆಂಡಿನೊಳಗೆ ಹಣದ ಮೊತ್ತ ಬರೆದಿರುತ್ತದೆ, ಹತ್ತು ಪೌಂಡಿನಿಂದ 75,000 ಪೌಂಡಿನವರೆಗೆ. ಕೆಲವು ಕೊಲ್ಲುವ ಚೆಂಡುಗಳು. ಕೊನೆಯಲ್ಲಿ ಅಂಥದೊಂದು ಕೈಗೆ ಬಂದರೆ ಅಷ್ಟು ಹೊತ್ತು ಕೂಡಿಟ್ಟ ಮೊತ್ತ ಹತ್ತನೇ ಒಂದು ಪಾಲಿಗೆ ಇಳಿದುಹೋಗುತ್ತದೆ. ಮುಂದಿನ ಸಾಲಿನ ಎರಡು ಚೆಂಡು ಎಲ್ಲರಿಗೂ ತೆರೆದು ತೋರಿಸಬೇಕು. ಹಿಂದಿನ ಸಾಲಿನ ಎರಡು ಚೆಂಡಿನಲ್ಲಿ ಏನಿದೆ ಎಂಬುದು ಇಟ್ಟುಕೊಂಡವರಿಗೆ ಮಾತ್ರ ಗೊತ್ತು. ‘ನನ್ನ ಹಿಂದಿನ ಸಾಲಿನಲ್ಲಿ ಇಷ್ಟಿದೆ’ ಎಂದು ಅವರು ಬಾಯಲ್ಲಿ ಹೇಳುತ್ತಾರೆ. ಮಿಕ್ಕವರು ನಂಬಬೇಕು ಅಥವಾ ಬಿಡಬೇಕು. ಆಮೇಲೆ ಎಲ್ಲರೂ ಮತ ಹಾಕಿ ಒಬ್ಬರನ್ನು ಹೊರಗೆ ಕಳಿಸುತ್ತಾರೆ. ಹೊರಟು ನಿಂತವರು ಹಿಂದಿನ ಸಾಲನ್ನು ತೆರೆದು ತೋರಿಸಿದಾಗ, ಹೇಳಿದ್ದು ಒಂದು, ಇದ್ದದ್ದು ಇನ್ನೊಂದು ಎಂದು ಎಷ್ಟೋ ಸಲ ಬಯಲಾಗುತ್ತದೆ. ಇಂಥ ಎರಡು ಸುತ್ತು ಮುಗಿದ ಮೇಲೆ ಉಳಿಯುವುದು ಇಬ್ಬರು. ಆವರೆಗೆ ಎದುರಾಳಿಗಳಾಗಿದ್ದವರು ಈಗ ಪಾಲುದಾರರು. ಇಬ್ಬರೂ ಸೇರಿ ಚೆಂಡುಗಳನ್ನು ಆರಿಸಿ ಒಂದು ಮೊತ್ತ ಕೂಡಿಸುತ್ತಾರೆ.

ಆಮೇಲೆ ಆ ಕೊನೆಯ ಮೇಜು. ಇಬ್ಬರೂ ಎದುರುಬದುರು ಕೂರುತ್ತಾರೆ. ಇಬ್ಬರ ಮುಂದೆಯೂ ಎರಡೆರಡು ಚೆಂಡು. ಒಂದರೊಳಗೆ ‘ಹಂಚಿಕೋ’, ಇನ್ನೊಂದರೊಳಗೆ ‘ಕದಿ’. ಇಬ್ಬರೂ ಹಂಚಿದರೆ ಸಮಪಾಲು. ಒಬ್ಬರು ಹಂಚಿ ಇನ್ನೊಬ್ಬರು ಕದ್ದರೆ, ಕದ್ದವರಿಗೆ ಪೂರ್ತಿ ಗಂಟು, ಹಂಚಿದವರಿಗೆ ಬರಿಗೈ. ಇಬ್ಬರೂ ಕದ್ದರೆ ಇಬ್ಬರಿಗೂ ಸೊನ್ನೆ. ಆರಿಸುವ ಮೊದಲು ಪರಸ್ಪರ ಮಾತಾಡಲು ಸ್ವಲ್ಪ ಹೊತ್ತು ಕೊಡುತ್ತಾರೆ. ಆ ಸ್ವಲ್ಪ ಹೊತ್ತಿನಲ್ಲಿ ಏನೆಲ್ಲ ಆಣೆ, ಏನೆಲ್ಲ ಭಾಷೆ, ಎಂಥ ಕಣ್ಣೀರು!

2008ರ ಒಂದು ಕಂತಿನಲ್ಲಿ ಕೂಡಿದ ಮೊತ್ತ 1,00,150 ಪೌಂಡು. ಒಂದು ಕಡೆ ಒಬ್ಬ ಗಂಡಸು, ಇನ್ನೊಂದು ಕಡೆ ಒಬ್ಬ ಹೆಂಗಸು. ಅರ್ಧ ಸಿಕ್ಕರೂ ಸಂತೋಷದಿಂದ ಮನೆಗೆ ಹೋಗುತ್ತೇನೆ ಎನ್ನುತ್ತಾನೆ ಆತ. ಕದ್ದರೆ ತನ್ನನ್ನು ಬಲ್ಲವರೆಲ್ಲ ತನ್ನ ಬಗ್ಗೆ ಅಸಹ್ಯಪಟ್ಟುಕೊಳ್ಳುತ್ತಾರೆ ಎನ್ನುತ್ತಾಳೆ ಆಕೆ. ಇಬ್ಬರೂ ಚೆಂಡು ತೆರೆಯುತ್ತಾರೆ. ಆತನದು ಹಂಚುವ ಚೆಂಡು. ಆಕೆಯದು ಕದಿಯುವ ಚೆಂಡು. ಕ್ಷಣದ ಹಿಂದೆ ಅರಳಿದ್ದ ಆತನ ಮುಖ ಹೇಗೆ ಕಳಾಹೀನವಾಯಿತೆಂಬುದನ್ನು ಲೋಕದ ಲಕ್ಷಾಂತರ ಜನ ನೋಡಿದ್ದಾರೆ, ನೋಡಿ ಆಕೆಗೆ ಹಿಡಿಶಾಪ ಹಾಕಿದ್ದಾರೆ. ಪ್ರಿಯರೇ, ನಾವು ಹಾಕುವುದು ಬೇಡ. ಆಕೆಯ ಇಡೀ ಬಾಳಿನಲ್ಲಿ ನಮಗೆ ಗೊತ್ತಿರುವುದು ಒಂದೇ ಒಂದು ನಿಮಿಷ. ನಮ್ಮ ಬಾಳಿನ ಇಂಥ ಒಂದು ನಿಮಿಷವನ್ನು ಯಾರೋ ಚಿತ್ರೀಕರಿಸಿ ಊರಿಗೆಲ್ಲ ಹಂಚಿದ್ದರೆ, ನಮ್ಮಲ್ಲಿ ಎಷ್ಟು ಜನ ಮುಂದಿನ ಭಾನುವಾರ ಆರಾಧನೆಗೆ ತಲೆಯೆತ್ತಿ ಬರುತ್ತಿದ್ದೆವು? ಕಲ್ಲು ಎತ್ತಿಕೊಂಡು ಬಂದವರನ್ನು ಕರ್ತನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿದ್ದನ್ನು ನೆನೆಯಿರಿ.

ಆದರೆ ಒಂದು ಪ್ರಶ್ನೆಯನ್ನು ಬಿಡಲಾಗದು. ದ್ರೋಹ ನಡೆದದ್ದು ಯಾವಾಗ? ಚೆಂಡು ತೆರೆದಾಗಲೇ? ಅಲ್ಲ. ಚೆಂಡು ತೆರೆದಾಗ ಅದು ಕಾಣಿಸಿತು, ಅಷ್ಟೆ. ಅದು ನಡೆದದ್ದು ಮಾತು ಕೊಡುತ್ತಿದ್ದಾಗ. ಅದಕ್ಕೂ ಹಿಂದೆ, ಮನಸ್ಸು ಮೊತ್ತವನ್ನು ಲೆಕ್ಕ ಹಾಕುತ್ತಿದ್ದಾಗ. ಅದಕ್ಕೂ ಹಿಂದೆ, ಹಿಂದಿನ ಸಾಲಿನ ಬಗ್ಗೆ ಮೊದಲ ಸಣ್ಣ ಸುಳ್ಳು ಹೇಳಿ ದಕ್ಕಿಸಿಕೊಂಡಾಗ. ಆಟದ ನಿಯಮದಲ್ಲಿ ಆ ಸುಳ್ಳಿಗೆ ದಂಡವಿಲ್ಲ; ಸುಳ್ಳು ಹೇಳುವುದೇ ಅಲ್ಲಿ ಜಾಣತನ. ಆದರೆ ನಾಲಿಗೆಗೆ ಆಟ ಯಾವುದು, ಬಾಳು ಯಾವುದು ಎಂಬುದು ಗೊತ್ತಿಲ್ಲ. ಒಮ್ಮೆ ಹರಿದ ಕಡೆಗೇ ಅದು ಮತ್ತೆ ಹರಿಯುತ್ತದೆ. ಪಾಪವು ದೊಡ್ಡ ದಿನಕ್ಕಾಗಿ ಕಾಯುವುದಿಲ್ಲ, ಪ್ರಿಯರೇ. ಅದು ಸಣ್ಣ ದಿನಗಳಲ್ಲಿ ಬೇರು ಬಿಟ್ಟು, ದೊಡ್ಡ ದಿನ ಬಂದಾಗ ಹಣ್ಣು ಕೊಡುತ್ತದೆ.

ಕದ್ದವರೆಲ್ಲರ ಬಾಯಲ್ಲೂ ಒಂದು ಸಮರ್ಥನೆ ಇರುತ್ತದೆ. ‘ನಾನು ದುರಾಸೆಗೆ ಕದಿಯಲಿಲ್ಲ. ಎದುರಿನವನು ಕದ್ದೇಬಿಡುತ್ತಾನೆ ಅನ್ನಿಸಿತು. ಮೋಸ ಹೋಗಬಾರದೆಂದು ಕದ್ದೆ.’ ಇದು ಬಹಳ ಹಳೆಯ ಸಮರ್ಥನೆ. ಏದೆನ್ ತೋಟದ ಮರಗಳ ಮರೆಯಿಂದಲೇ ಇಂಥ ಸ್ವರ ಕೇಳಿಬಂದಿತ್ತು. ಇದನ್ನು ಅರ್ಥಶಾಸ್ತ್ರಜ್ಞರು ತಕ್ಕಡಿಗೆ ಹಾಕಿ ನೋಡಿದ್ದಾರೆ. ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ತಮ್ಮ ಇಬ್ಬರು ಸಂಗಾತಿ ಸಂಶೋಧಕರೊಂದಿಗೆ ಈ ಆಟದ 287 ಕಂತುಗಳನ್ನು, 574 ಆಟಗಾರರನ್ನು ಕೂತು ಪರಿಶೀಲಿಸಿದರು. ಹಂಚುವ ಚೆಂಡನ್ನು ಆರಿಸಿದವರು ನೂರಕ್ಕೆ 53 ಮಂದಿ. ಎದುರಿನವನು ಹಂಚುವ ಸಂಭವ ಹೆಚ್ಚಿದ್ದರೆ ತಾವೂ ಹಂಚುತ್ತಾರೆಯೇ, ಕಡಿಮೆ ಇದ್ದರೆ ಕದಿಯುತ್ತಾರೆಯೇ ಎಂದು ಹುಡುಕಿದರೆ ಅಂಥ ನಂಟು ಅಷ್ಟೇನೂ ಕಾಣಲಿಲ್ಲ. ಎದುರು ಕೂತವನು ಎಂಥವನು ಎಂಬುದು ನಮ್ಮ ಕೈಯನ್ನು ನಾವು ಹೇಳಿಕೊಳ್ಳುವಷ್ಟು ನಡೆಸುವುದಿಲ್ಲ. ಅವನು ಹಾಗೆ, ಅದಕ್ಕೇ ನಾನು ಹೀಗೆ ಎಂಬ ಮಾತು ನಮ್ಮ ಬಾಯಿಗೆ ಹಿತವಾಗಿದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಸಿಗುತ್ತಿಲ್ಲ. ಮನುಷ್ಯನೊಳಗಿಂದ ಹೊರಟದ್ದೇ ಮನುಷ್ಯನನ್ನು ಹೊಲೆ ಮಾಡುತ್ತದೆಂದು ಕರ್ತನು ಬೋಧಿಸಿದ್ದು ಇದನ್ನೇ ಅಲ್ಲವೇ? (ಅದೇ ಅಧ್ಯಯನದಲ್ಲಿ ಎಳೆಯ ಗಂಡಸರಿಗಿಂತ ವಯಸ್ಸಾದ ಗಂಡಸರು ಹೆಚ್ಚಾಗಿ ಹಂಚುತ್ತಾರೆಂದೂ ಕಂಡುಬಂದಿದೆ. ನಮ್ಮ ಸಭೆಯ ಹಿರಿಯರು ಇದನ್ನು ಓದಿ ಬೀಗುವುದು ಬೇಡ. ಬಹುಶಃ ಮಂಡಿನೋವು ಕಲಿಸಿದ ದೀನತೆ ಅದು.)

ಇನ್ನೊಂದು ಅಧ್ಯಯನ ಈ ಆಟಗಾರರ ಮಾತನ್ನೇ ಪದಪದವಾಗಿ ಹಿಡಿದು ನೋಡಿತು. ‘ನಾನು ಹಂಚುತ್ತೇನೆ’ ಎಂದು ನೇರವಾಗಿ, ಷರತ್ತಿಲ್ಲದೆ ಹೇಳಿದವರು ಹೆಚ್ಚಾಗಿ ಹಂಚಿಯೇ ಹಂಚಿದರು. ‘ಹಂಚಿಕೊಂಡರೆ ಚೆನ್ನಾಗಿರುತ್ತದೆ’, ‘ನೀವು ಹಂಚಿದರೆ ನಾನು ಬಿಡುತ್ತೇನೆಯೇ’ ಎಂಬಂಥ ಮಾತಾಡಿದವರ ಭರವಸೆ ಕಡಿಮೆ. ನೋಡಿ, ಕದಿಯಲು ಹೊರಟವನಿಗೂ ನೇರಾನೇರ ಸುಳ್ಳು ಹೇಳಲು ಬಾಯಿ ಬರುವುದಿಲ್ಲ. ಆತ್ಮಸಾಕ್ಷಿ ಅಷ್ಟರಮಟ್ಟಿಗೆ ಇನ್ನೂ ಉಸಿರಾಡುತ್ತಿರುತ್ತದೆ. ಅದಕ್ಕೇ ಅವನು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾನೆ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ನಾಳೆ ಯಾರಾದರೂ ಕೇಳಿದರೆ ‘ನಾನು ಹಾಗೆ ಮಾತು ಕೊಟ್ಟೇ ಇರಲಿಲ್ಲವಲ್ಲ’ ಎಂದು ಜಾರಿಕೊಳ್ಳಲು ಒಂದು ಸಂದಿ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಅದಕ್ಕಿಂತ ಹೆಚ್ಚಿನದೆಲ್ಲ ಕೆಡುಕನಿಂದ ಎಂದು ಬೆಟ್ಟದ ಮೇಲೆ ಕರ್ತನು ಕಲಿಸಿದಾಗ ಆತನು ಬರೀ ಆಣೆ ಇಡುವವರ ಬಗ್ಗೆ ಮಾತಾಡುತ್ತಿರಲಿಲ್ಲ. ಆ ಸಂದಿಯನ್ನು ಮುಚ್ಚಲು ಬಂದಿದ್ದನು. ನಿಮ್ಮ ಮನೆಯಲ್ಲಿ, ನಿಮ್ಮ ವ್ಯವಹಾರದಲ್ಲಿ, ನಿಮ್ಮ ಪ್ರಾರ್ಥನೆಯಲ್ಲಿ ಕೂಡ, ಮಾತು ಎಲ್ಲಿ ರಬ್ಬರಿನಂತೆ ಎಳೆದಾಡಲು ಬರುತ್ತದೋ ಅಲ್ಲಿ ನಿಂತು ನೋಡಿಕೊಳ್ಳಿ. ಅಲ್ಲೇ ಹಿಂದಿನ ಸಾಲು ಇದೆ.

ಪವಿತ್ರಗ್ರಂಥದಲ್ಲಿ ಇಬ್ಬರು ಪಾಲುದಾರರನ್ನು ಬೇರೆ ಬೇರೆಯಾಗಿ ವಿಚಾರಿಸಿದ ಒಂದು ಪ್ರಸಂಗವಿದೆ. ಅಪೊಸ್ತಲರ ಕೃತ್ಯಗಳು, 5ನೇ ಅಧ್ಯಾಯ. ಅದಕ್ಕೆ ತುಸು ಮೊದಲು ಬಾರ್ನಬನೆಂಬ ಲೇವಿಯ ಕುಲದವನು ತನ್ನ ಹೊಲ ಮಾರಿ ಬಂದ ಹಣವನ್ನೆಲ್ಲ ತಂದು ಅಪೊಸ್ತಲರ ಪಾದದ ಬಳಿ ಇಟ್ಟಿದ್ದನು. ಸಭೆಯಲ್ಲಿ ಅವನ ಹೆಸರು ದೊಡ್ಡದಾಯಿತು. ಅನನೀಯನೂ ಅವನ ಹೆಂಡತಿ ಸಪ್ಫೈರಳೂ ತಮ್ಮ ಭೂಮಿ ಮಾರಿದರು. ಒಂದಿಷ್ಟು ಬಚ್ಚಿಟ್ಟುಕೊಂಡು, ಮಿಕ್ಕದ್ದನ್ನು ತಂದು ‘ಇಷ್ಟೇ’ ಎಂಬಂತೆ ಇಟ್ಟರು. ಮುಂದಿನ ಸಾಲು ತೆರೆದಿತ್ತು, ಹಿಂದಿನ ಸಾಲು ಮುಚ್ಚಿತ್ತು. ಕೊಡಲೇಬೇಕೆಂದು ಯಾರೂ ಬಲವಂತ ಮಾಡಿರಲಿಲ್ಲ. ಭೂಮಿ ಅವರದೇ, ಹಣ ಅವರದೇ ಎಂದು ಪೇತ್ರನೇ ಹೇಳುತ್ತಾನೆ. ಅರ್ಧ ತಂದು ಅರ್ಧವೆಂದು ಹೇಳಿದ್ದರೆ ಸಭೆ ಸ್ತೋತ್ರವೆನ್ನುತ್ತಿತ್ತು. ಆದರೆ ಅವರಿಗೆ ಹಣವೂ ಬೇಕಿತ್ತು, ಬಾರ್ನಬನ ಹೆಸರೂ ಬೇಕಿತ್ತು.

ನಾನು ಈ ಗಂಡಹೆಂಡಿರ ಬಗ್ಗೆ ಬಹಳ ಯೋಚಿಸಿದ್ದೇನೆ. ಆ ಟಿವಿ ಮೇಜಿನ ಎದುರುಬದುರು ಇವರಿಬ್ಬರನ್ನು ಕೂರಿಸಿದ್ದರೆ ಒಬ್ಬರಿಗೊಬ್ಬರು ಎಂದೂ ಕೈಕೊಡುತ್ತಿರಲಿಲ್ಲ. ಇಬ್ಬರೂ ಹಂಚುವ ಚೆಂಡನ್ನೇ ತೆರೆದು, ಕೈ ಕೈ ಹಿಡಿದು ಮನೆಗೆ ಹೋಗುತ್ತಿದ್ದರು. ಅವರ ನಡುವೆ ನಂಬಿಕೆಗೆ ಕೊರತೆ ಇರಲಿಲ್ಲ. ಆ ನಂಬಿಕೆಯ ಮೇಲೆಯೇ ಅವರು ಸುಳ್ಳನ್ನು ಕಟ್ಟಿದ್ದರು. ಇದನ್ನು ಅರಿಯಿರಿ, ಪ್ರಿಯರೇ: ಪಾಲುದಾರನಿಗೆ ನಿಷ್ಠರಾಗಿರುವುದು ಒಳ್ಳೆಯದೇ; ಆದರೆ ಕಳ್ಳರೂ ಕಳ್ಳರಿಗೆ ನಿಷ್ಠರಾಗಿರುತ್ತಾರೆ. ಗಂಡನ ಲಂಚದ ಹಣವನ್ನು ಬೀರುವಿನ ಸೀರೆಗಳ ಮಡಿಕೆಯಲ್ಲಿ ಇಟ್ಟುಕೊಡುವ ಹೆಂಡತಿ, ಹೆಂಡತಿ ಅತ್ತೆಗೆ ಮಾಡುವ ಅನ್ಯಾಯವನ್ನು ಕಂಡೂ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುವ ಗಂಡ, ಇವರಲ್ಲಿ ಒಗ್ಗಟ್ಟಿಲ್ಲವೆನ್ನಲಾದೀತೇ?

ಪೇತ್ರನು ಸುಳ್ಳನ್ನು ಬಯಲಿಗೆಳೆದಾಗ ಅನನೀಯನು ಅಲ್ಲೇ ಬಿದ್ದು ಸತ್ತನು. ಸುಮಾರು ಮೂರು ತಾಸಾದ ಮೇಲೆ ಸಪ್ಫೈರ ಒಳಗೆ ಬರುತ್ತಾಳೆ. ನಡೆದದ್ದು ಆಕೆಗೆ ಗೊತ್ತಿಲ್ಲ. ಭೂಮಿ ಮಾರಿದ್ದು ಇಷ್ಟಕ್ಕೇನಾ ಎಂದು ಪೇತ್ರ ಕೇಳುತ್ತಾನೆ. ಈ ಪ್ರಶ್ನೆಯನ್ನು ಬಲೆಯೆಂದು ಓದುವವರುಂಟು. ನಾನು ಹಾಗೆ ಓದಲಾರೆ. ಇದು ಬಾಗಿಲು. ಗಂಡ ಹೇಳಿಕೊಟ್ಟ ಉತ್ತರದಿಂದ ಬಿಡಿಸಿಕೊಂಡು ಆಕೆ ತಾನೇ ತಾನಾಗಿ ದೇವರ ಮುಂದೆ ನಿಲ್ಲಲು ತೆರೆದಿಟ್ಟ ಬಾಗಿಲು. ‘ಇಲ್ಲ ಸ್ವಾಮಿ, ಇನ್ನೂ ಇದೆ, ಮನೆಯಲ್ಲಿದೆ’ ಎಂಬ ನಾಲ್ಕು ಮಾತು ಸಾಕಿತ್ತು. ಆಕೆ ‘ಹೌದು, ಇಷ್ಟಕ್ಕೇ’ ಎಂದಳು. ಕೃಪೆಯು ಎಷ್ಟೋ ಸಲ ಹಾಡಿನ ರೂಪದಲ್ಲಿ ಬರುವುದಿಲ್ಲ, ಪ್ರಶ್ನೆಯ ರೂಪದಲ್ಲಿ ಬರುತ್ತದೆ. ಮಗಳು ‘ಅಪ್ಪಾ, ಆ ದುಡ್ಡು ಎಲ್ಲಿಂದ ಬಂತು’ ಎಂದು ಕೇಳಿದಾಗ ಬರುತ್ತದೆ. ‘ನನ್ನಿಂದ ಏನಾದರೂ ಮುಚ್ಚಿಡುತ್ತಿದ್ದೀಯಾ’ ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಾಗ ಬರುತ್ತದೆ. ರೇಗಬೇಡಿ. ಅದು ನಿಮಗಾಗಿ ತೆರೆದ ಬಾಗಿಲು.

ಮತ್ತೆ ಆ ಟಿವಿ ಆಟಕ್ಕೆ ಬರೋಣ. ಅದರ ಇನ್ನೊಂದು ಕಂತು ಮೊದಲು ಹೇಳಿದ್ದಕ್ಕಿಂತಲೂ ವಿಚಿತ್ರ. ಮೊತ್ತ 13,600 ಪೌಂಡು. ಒಬ್ಬ ಆಟಗಾರ ಕೂತ ಕೂಡಲೇ ಎದುರಿನವನಿಗೆ ಹೇಳಿದ: ನಾನು ಕದಿಯುತ್ತೇನೆ, ನೀನು ಹಂಚು, ಆಟ ಮುಗಿದ ಮೇಲೆ ಅರ್ಧ ಹಣ ನಿನಗೆ ಕೊಡುತ್ತೇನೆ. ಎದುರಿನವನು ದಂಗಾದ. ಬೇಡಿಕೊಂಡ, ಬೈದ. ಮಾತು ಉಳಿಸಿಕೊಳ್ಳದವನು ಮನುಷ್ಯನೇ ಅಲ್ಲವೆಂದು ತನ್ನ ತಂದೆ ಹೇಳುತ್ತಿದ್ದರೆಂದ. ಇವನು ಜಗ್ಗಲಿಲ್ಲ. ಬೇರೆ ದಾರಿ ಕಾಣದೆ ಆತ ಕೊನೆಗಳಿಗೆಯಲ್ಲಿ ಕೈಯ ಚೆಂಡು ಬದಲಾಯಿಸಿ ಹಂಚುವುದನ್ನು ಹಿಡಿದ. ತೆರೆದು ನೋಡಿದರೆ, ಕದಿಯುತ್ತೇನೆಂದು ಹಟ ಹಿಡಿದವನ ಕೈಯಲ್ಲೂ ಹಂಚುವ ಚೆಂಡೇ! ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಂದೆ ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಆ ಎದುರಿನವನು ಒಪ್ಪಿಕೊಂಡ: ತಾನು ಬಂದದ್ದೇ ಕದಿಯಲು, ತಂದೆಯ ಮಾತೆಂದು ಹೇಳಿದ್ದು ಕಟ್ಟಿದ ಕತೆ.

ಈ ತುಣುಕನ್ನು ಉಪದೇಶಕರು ಬಹಳ ಮೆಚ್ಚಿ ಬಳಸುತ್ತಾರೆ. ನನಗೆ ಅಷ್ಟು ಮೆಚ್ಚುಗೆ ಇಲ್ಲ. ಜಾಣತನ ನಿಜ, ಹಣ ಇಬ್ಬರಿಗೂ ಸಿಕ್ಕಿತು ನಿಜ. ಆದರೆ ಒಬ್ಬನು ಹಂಚಲು ಹೊರಟು ಸುಳ್ಳು ಹೇಳಿದ, ಇನ್ನೊಬ್ಬನು ಕದಿಯಲು ಹೊರಟು ಸುಳ್ಳು ಹೇಳಿದ. ಎರಡನೆಯವನ ಕೈಯ ಚೆಂಡು ಬದಲಾಯಿತು, ಬದಲಾಯಿಸಿದ್ದು ಇಕ್ಕಟ್ಟು. ಮೂಲೆಗೆ ಒತ್ತಿದಾಗ ನಾವೆಲ್ಲರೂ ಒಳ್ಳೆಯವರಾಗುತ್ತೇವೆ. ಆಡಿಟ್ ಬರುತ್ತದೆಂದಾಗ ಲೆಕ್ಕ ಸರಿಮಾಡುತ್ತೇವೆ, ಡಾಕ್ಟರ್ ಸ್ಕ್ಯಾನಿಂಗ್ ಬರೆದುಕೊಟ್ಟಾಗ ಹರಕೆ ಹೊರುತ್ತೇವೆ. ಇದನ್ನು ಪಶ್ಚಾತ್ತಾಪವೆಂದು ಕರೆಯುವಷ್ಟು ಉದಾರಿ ನಾನಲ್ಲ. ಕೈ ಬದಲಾಗುವುದು ಒಂದು, ಕೈಯ ಹಿಂದಿನ ಹೃದಯ ಬದಲಾಗುವುದು ಇನ್ನೊಂದು. ಹೃದಯವನ್ನು ಬದಲಿಸುವುದು ಯಾವುದು?

ಯೆರಿಕೋ ಪಟ್ಟಣಕ್ಕೆ ಬನ್ನಿ. ಜಕ್ಕಾಯನು ಸುಂಕದವರ ಮುಖ್ಯಸ್ಥ, ಹಣವಂತ. ಊರು ಅವನನ್ನು ಕಂಡರೆ ಉಗುಳುತ್ತಿತ್ತು. ಕುಳ್ಳನಾದ್ದರಿಂದ ಜನಜಂಗುಳಿಯಲ್ಲಿ ಏನೂ ಕಾಣದೆ ಮುಂದೆ ಓಡಿ ಅತ್ತಿಮರ ಹತ್ತಿದ. ಯೇಸು ಆ ಮರದ ಕೆಳಗೆ ನಿಂತನು, ತಲೆಯೆತ್ತಿದನು, ಹೆಸರು ಹಿಡಿದು ಕರೆದನು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕೆಂದನು. ಇಲ್ಲಿ ತಡೆದು ನೋಡಿ: ಮೊದಲು ಕದ್ದದ್ದನ್ನು ಹಿಂದಿರುಗಿಸು ಎನ್ನಲಿಲ್ಲ, ಆಮೇಲೆ ಬರುತ್ತೇನೆ ಎನ್ನಲಿಲ್ಲ. ಅವನ ಹಿಂದಿನ ಸಾಲಿನಲ್ಲಿ ಏನಿದೆಯೆಂದು ಕರ್ತನಿಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು, ಅದಕ್ಕೇ ಊರು ಗೊಣಗಿತು. ಗೊತ್ತಿದ್ದೂ ಕರ್ತನು ಅವನ ಮನೆಯ ಅತಿಥಿಯಾದನು. ಯಾವ ಇಕ್ಕಟ್ಟೂ ಇಲ್ಲ, ಯಾವ ಬೆದರಿಕೆಯೂ ಇಲ್ಲ, ಕಂದಾಯದ ಲೆಕ್ಕ ಕೇಳುವವರು ಯಾರೂ ಇಲ್ಲ. ಆಗ ಜಕ್ಕಾಯ ಎದ್ದು ನಿಂತ. ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿನ ಜೊತೆಗೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಯಾಜಕಕಾಂಡ ಹೇಳುತ್ತದೆ. ನಾಲ್ಕರಷ್ಟು ಎಂಬುದು ವಿಮೋಚನಕಾಂಡದಲ್ಲಿ ಕುರಿಕಳ್ಳನಿಗೆ ಹಾಕಿದ ದಂಡ. ಜಕ್ಕಾಯ ಕಡಿಮೆಯ ಲೆಕ್ಕ ಹಿಡಿಯಬಹುದಿತ್ತು. ಕಳ್ಳನ ಲೆಕ್ಕವನ್ನೇ ಹಿಡಿದ. ನಾನು ಕದ್ದವನು ಎಂದು ಊರಿನೆದುರು ಹೇಳಲು ಅವನಿಗೆ ಅಂದು ಭಯವಾಗಲಿಲ್ಲ, ಏಕೆಂದರೆ ಕದ್ದವನೆಂದು ತಿಳಿದೂ ತನ್ನನ್ನು ಒಪ್ಪಿಕೊಂಡವನು ಮನೆಯೊಳಗೇ ಕೂತಿದ್ದ. ಕೃಪೆ ಹೀಗೆ ಕೆಲಸ ಮಾಡುತ್ತದೆ, ಪ್ರಿಯರೇ. ಅದು ಪಾಪವನ್ನು ಮರೆಸುವುದಿಲ್ಲ. ಪಾಪವನ್ನು ಬೆಳಕಿಗೆ ತರುವ ಧೈರ್ಯ ಕೊಡುತ್ತದೆ.

ಇದೇ ಕರ್ತನು ಕೊನೆಯ ರಾತ್ರಿ ಮೇಜಿಗೆ ಕೂತಾಗ ಸುತ್ತ ಕೂತವರ ಕೈಯಲ್ಲಿ ಏನಿದೆಯೆಂದು ಬಲ್ಲವನಾಗಿದ್ದನು. ಯೂದನ ಸೊಂಟದಲ್ಲಿ ಮೂವತ್ತು ಬೆಳ್ಳಿಯ ಮಾತು ಗಂಟು ಕಟ್ಟಿತ್ತು. ಪೇತ್ರನ ನಾಲಿಗೆಯಲ್ಲಿ ಕೋಳಿ ಕೂಗುವ ಮುಂಚಿನ ಸುಳ್ಳು ಆಗಲೇ ಕಾದಿತ್ತು. ಬಲ್ಲವನಾಗಿದ್ದೂ ಅವರ ಪಾದ ತೊಳೆದನು, ಬಲ್ಲವನಾಗಿದ್ದೂ ರೊಟ್ಟಿ ಮುರಿದು ಕೊಟ್ಟನು. ಎದುರಿನವರು ಕದಿಯುತ್ತಾರೆಂಬುದು ಆತನಿಗೆ ಅನುಮಾನವಾಗಿರಲಿಲ್ಲ, ನಿಶ್ಚಯವಾಗಿತ್ತು. ಆ ನಿಶ್ಚಯ ಆತನ ಕೈಯನ್ನು ತಡೆಯಲಿಲ್ಲ. ಇನ್ನು ಯೂದನು ಗೆದ್ದ ಗಂಟಿನ ಕತೆ ನೋಡಿ. ಅದನ್ನು ಇಟ್ಟುಕೊಳ್ಳಲು ಅವನಿಂದಾಗಲಿಲ್ಲ, ದೇವಾಲಯದಲ್ಲಿ ಎಸೆದುಹೋದ. ಕೊಟ್ಟ ಯಾಜಕರೂ ಅದನ್ನು ಕಾಣಿಕೆ ಪೆಟ್ಟಿಗೆಗೆ ಹಾಕಲು ಒಪ್ಪಲಿಲ್ಲ. ಕಡೆಗೆ ಪರದೇಶಿಗಳನ್ನು ಹೂಳಲು ಕುಂಬಾರನ ಹೊಲ ಕೊಂಡರು. ಗೆದ್ದವನಿಗೂ ಬೇಡವಾದ, ಕೊಟ್ಟವರಿಗೂ ಬೇಡವಾದ ಹಣ! ಯೂದನು ಹಣವನ್ನು ಹಿಂದಿರುಗಿಸಿದ, ತಾನು ಹಿಂದಿರುಗಲಿಲ್ಲ. ಪೇತ್ರ ಹಿಂದಿರುಗಿದ. ಸಮುದ್ರತೀರದಲ್ಲಿ ಇದ್ದಲ ಬೆಂಕಿಯ ಪಕ್ಕ ಕರ್ತನು ಅವನನ್ನು ಮೂರು ಸಲ ಕೇಳಿದ್ದು ‘ಯಾಕೆ ಹಾಗೆ ಮಾಡಿದೆ’ ಎಂದಲ್ಲ, ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು. ಕೇಳಿ, ತನ್ನ ಕುರಿಗಳನ್ನು ಅವನಿಗೆ ಒಪ್ಪಿಸಿದನು. ಕ್ಷಮಿಸಿದ್ದು ಮಾತ್ರವಲ್ಲ, ಒಪ್ಪಿಸಿದನು. ಅಂಗಳದಲ್ಲಿ ಕೈಕೊಟ್ಟವನ ಕೈಗೇ ತನ್ನ ಮಂದೆಯನ್ನು ಕೊಟ್ಟನು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಂಥ ಉಪದೇಶವನ್ನು ತಪ್ಪಾಗಿ ಹಿಡಿದು ಹೆಣ್ಣುಮಕ್ಕಳ ತಲೆಯ ಮೇಲೆ ಹೇರುವವರಿದ್ದಾರೆ. ಹೊಡೆಯುವ ಗಂಡನ ಮನೆಗೆ ಸುಮ್ಮನೆ ಹಿಂದಿರುಗು ಎಂದು ನಾನು ಹೇಳುತ್ತಿಲ್ಲ. ಚೀಟಿ ಹಣ ನುಂಗಿದವನಿಗೆ ಮತ್ತೆ ಚೀಟಿ ಕಟ್ಟಿ ಎನ್ನುತ್ತಿಲ್ಲ, ಎರಡು ಸಲ ಸಾಲ ತೀರಿಸದೆ ಕೂತವನಿಗೆ ಮೂರನೆಯ ಸಲ ಜಾಮೀನು ಹಾಕಿ ಎನ್ನುತ್ತಿಲ್ಲ. ಕ್ಷಮೆಯನ್ನು ಇವತ್ತೇ ಕೊಡಬಹುದು. ನಂಬಿಕೆ ಬೆಳೆಯಲು ಕಾಲ ಬೇಕು, ಸಾಕ್ಷಿ ಬೇಕು. ಮೋಸ ಹೋದವರಿಗೆ ನನ್ನ ಒತ್ತಾಯವಿಲ್ಲ. ನಾನು ಈಗ ಮಾತಾಡುತ್ತಿರುವುದು ಮೋಸ ಮಾಡಿದವರೊಂದಿಗೆ.

ಅಣ್ಣತಮ್ಮಂದಿರೇ, ನಿಮ್ಮೊಂದಿಗೆ. ತಂದೆ ತೀರಿಕೊಂಡ ವರ್ಷದೊಳಗೆ ಕೊಟ್ಟ ಮನೆಯಿಂದ ತಂಗಿಯನ್ನು ಕರೆಸುತ್ತೀರಿ. ಕೋಳಿ ಸಾರು ಮಾಡಿಸುತ್ತೀರಿ, ಒಂದು ಸೀರೆ ಉಡುಗೊರೆ ಕೊಡುತ್ತೀರಿ. ಮಾರನೆಯ ಬೆಳಿಗ್ಗೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ಯುತ್ತೀರಿ. ಪತ್ರ ಬರೆಯುವವನ ಅಂಗಡಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮೊದಲೇ ಟೈಪಾಗಿ ಕೂತಿರುತ್ತದೆ. ‘ಏನಿಲ್ಲಮ್ಮ, ಖಾತೆ ಬದಲಾವಣೆಗೆ ನಿನ್ನದೊಂದು ಸಹಿ ಬೇಕಂತೆ’ ಎನ್ನುತ್ತೀರಿ. ಅವಳು ಓದುವುದಿಲ್ಲ; ಓದುವುದು ಅಣ್ಣನನ್ನು ಅನುಮಾನಿಸಿದಂತೆ ಎಂದುಕೊಳ್ಳುತ್ತಾಳೆ. ಹೆಬ್ಬೆಟ್ಟು ಒತ್ತಿ, ಕ್ಯಾಮೆರಾಕ್ಕೆ ಮುಖ ಕೊಟ್ಟು, ಸೆರಗು ಸರಿಮಾಡಿಕೊಂಡು, ‘ಆಯ್ತಾ ಅಣ್ಣ, ಬಸ್ಸಿಗೆ ಹೊತ್ತಾಯ್ತು’ ಎನ್ನುತ್ತಾಳೆ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ನೀವು ಅದನ್ನು ಬಲ್ಲಿರಿ, ಬಲ್ಲುದರಿಂದಲೇ ಆ ಸಹಿ ಬೇಕಾಯಿತು. ಅಲ್ಲಿ ಜ್ಯಾಸ್ಪರ್ ಕ್ಯಾರಟ್ ಇರಲಿಲ್ಲ, ದೀಪಗಳಿರಲಿಲ್ಲ, ನೋಡುವ ಜನರಿರಲಿಲ್ಲ. ಅವಳು ಹಂಚುವ ಚೆಂಡು ಹಿಡಿದು ಬಂದಿದ್ದಳು. ನೀವು ಯಾವುದನ್ನು ಹಿಡಿದಿದ್ದಿರಿ?

ಅವಳಿಗೆ ಇಂದಿಗೂ ಗೊತ್ತಿಲ್ಲದಿರಬಹುದು. ಗೊತ್ತಿದ್ದೂ, ಕ್ರಿಸ್‌ಮಸ್ಸಿಗೆ ತವರಿನ ಬಾಗಿಲು ಮುಚ್ಚಿಹೋಗದಿರಲೆಂದು ಸುಮ್ಮನಿರಬಹುದು. ಟಿವಿಯ ಆಟದಲ್ಲಿ ಚೆಂಡು ತೆರೆದರೆ ಮುಗಿಯಿತು. ಬದಲಾಯಿಸಲು ಬರುವುದಿಲ್ಲ, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ನಿಮ್ಮದು ಆಟವಲ್ಲ, ಸಹೋದರರೇ. ನಿಮ್ಮ ತಂಗಿ ಬದುಕಿದ್ದಾಳೆ, ನೀವು ಬದುಕಿದ್ದೀರಿ, ಕರ್ತನು ಬದುಕಿದ್ದಾನೆ. ಬರೆದ ಪತ್ರದ ಬದಲು ಇನ್ನೊಂದು ಪತ್ರ ಬರೆಯಬಹುದು. ಹೊಲ ಮಾರಿ ಖರ್ಚಾಗಿದ್ದರೆ ತಿಂಗಳು ತಿಂಗಳು ಇಷ್ಟಿಷ್ಟೆಂದು ಕೊಡಬಹುದು. ಏನೂ ಕೈಯಲ್ಲಿಲ್ಲದಿದ್ದರೆ ನಡೆದದ್ದನ್ನು ಅವಳೆದುರು ಕೂತು ಹೇಳಬಹುದು. ‘ಹೇಳಿದರೆ ಅವಳು ಏನೆನ್ನುತ್ತಾಳೋ’ ಎಂದು ಮೀನಮೇಷ ಎಣಿಸಬೇಡಿ. ಅವಳ ಕೈಯ ಚೆಂಡು ಅವಳದು. ಅವಳು ಕ್ಷಮಿಸಲಿ, ಕ್ಷಮಿಸದಿರಲಿ, ಬೈಯಲಿ, ಅಳಲಿ, ಬಾಗಿಲು ಹಾಕಿಕೊಳ್ಳಲಿ. ನಿಮ್ಮ ಕೈಯಲ್ಲಿರುವುದನ್ನು ನೀವು ತೆರೆಯಿರಿ.

ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನೊಂದಿಗೆ ಸಮಾಧಾನವಾಗಲು ಹೋಗಬೇಕೆಂದು ಕರ್ತನು ಆಜ್ಞಾಪಿಸಿದ್ದಾನೆ. ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಕರ್ತನ ಭೋಜನ. ಅದಕ್ಕೆ ಮೊದಲು ಹೋಗಿ ಬನ್ನಿ. ತಂಗಿಯ ಮನೆಗಾಗಲಿ, ವ್ಯವಹಾರದ ಪಾಲುದಾರನ ಅಂಗಡಿಗಾಗಲಿ, ಒಂದೇ ಸೂರಿನ ಕೆಳಗಿದ್ದೂ ವರ್ಷಗಳಿಂದ ಅರ್ಧ ಮಾತ್ರ ಹೇಳುತ್ತಾ ಬಂದ ಹೆಂಡತಿಯ ಅಥವಾ ಗಂಡನ ಬಳಿಗಾಗಲಿ. ಉಡುಗೊರೆ ಒಯ್ಯಬೇಡಿ, ಅದು ಮಾತಿಗೆ ಅಡ್ಡ ಬರುತ್ತದೆ. ಪತ್ರಗಳಿದ್ದರೆ ಪತ್ರ ಒಯ್ಯಿರಿ. ಅಡ್ಡಗೋಡೆಯ ಮೇಲಿನ ಮಾತು ಬೇಡ. ನಾನು ಹೀಗೆ ಮಾಡಿದೆ ಎಂದು ಆರಂಭಿಸಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನನಗೆ ಹೇಳಿ, ಯಾವ ಹೊತ್ತಾದರೂ ಸರಿ. ನಾನು ಜೊತೆಗೆ ಬರುತ್ತೇನೆ; ನೀವು ಒಳಗೆ ಮಾತಾಡುವಷ್ಟು ಹೊತ್ತು ಹೊರಗೆ ಜಗುಲಿಯಲ್ಲಿ ಕೂತು ಪ್ರಾರ್ಥಿಸುತ್ತೇನೆ. ಆಮೆನ್.